‘ವಯಸ್ಸಾಯಿತು’ ಎಂಬುದು ಯಾವ ರೋಗದ ಹೆಸರು?

ಗಿರಣಿಯಲ್ಲಿ ಮೂವತ್ತು ವರ್ಷ ನಿಂತು ದುಡಿದ ಮುದುಕ ಸೊಂಟನೋವೆಂದು ಆಸ್ಪತ್ರೆಗೆ ಹೋದರೆ ನೋವಿನ ಗುಳಿಗೆ ಕೊಡುತ್ತಾರೆ. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತೇನೆಂದರೆ, “ವಯಸ್ಸಾಯಿತಲ್ಲ ಯಜಮಾನರೇ” ಎಂದು ಸಾಗಹಾಕುತ್ತಾರೆ. ಗಲ್ಲೆಯ ಮುಂದೆ ಕೂತೇ ತಲೆ ನರೆತ ಅಂಗಡಿಕಾರನಿಗೂ ಇದೇ ಉತ್ತರ. ಇದು ರೋಗನಿದಾನವೋ, ಕೈತೊಳೆದುಕೊಳ್ಳುವ ಉಪಾಯವೋ?

ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಮುಪ್ಪಿನಲ್ಲಿ ದಪ್ಪವಾಗುವುದು ಸಾಮಾನ್ಯ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಆಗಿ ಬಲಿತರೆ ಬೆನ್ನು, ಸೊಂಟದ ಎಲುಬಿಗೆ ಹಬ್ಬುತ್ತದೆ. ಬೆನ್ನುಹುರಿಯನ್ನು ಒತ್ತಿತೆಂದರೆ ಕಾಲಿನ ಶಕ್ತಿಯೇ ಉಡುಗುತ್ತದೆ. ಆಗ ಒಂದು ದಿನದ ವಿಳಂಬವೂ ಅಪಾಯ. ಪತ್ತೆಗೆ ದಾರಿಯುಂಟು. ವೈದ್ಯರು ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡಬೇಕು; ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಸಂಶಯ ಬಂದರೆ ಗ್ರಂಥಿಯ ಚೂರು ತೆಗೆದು ಪರೀಕ್ಷೆ, ಎಲುಬಿನ ಸ್ಕ್ಯಾನ್.

ಎಪ್ಪತ್ತು ದಾಟಿದವನಿಗೆ ಪತ್ತೆ ಮಾಡಿ ಫಲವೇನು ಎನ್ನುವ ಬುದ್ಧಿವಂತರಿದ್ದಾರೆ. ವೃಷಣದ ಹಾರ್ಮೋನನ್ನು ತಡೆದರೆ ಎಲುಬಿಗೆ ಹಬ್ಬಿದ ಈ ರೋಗವೂ ಹಿಮ್ಮೆಟ್ಟುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಒಂದು ಸಣ್ಣ ಶಸ್ತ್ರಕ್ರಿಯೆ ಇಲ್ಲವೇ ಚುಚ್ಚುಮದ್ದಿನಿಂದ ನೋವು ಇಳಿಯುತ್ತದೆ. ರೋಗ ಪೂರ್ತಿ ಹೋಗದಿದ್ದರೂ ಅನೇಕರಿಗೆ ವರ್ಷಗಳ ಆಯುಷ್ಯ ಸಿಗುತ್ತದೆ. ಬಡವನ ಆ ವರ್ಷಗಳಿಗೆ ಬೆಲೆಯಿಲ್ಲವೇ?

ಲಕ್ಷಣವೇ ಇಲ್ಲದ ಮುದುಕರಿಗೆಲ್ಲ ಪಿ.ಎಸ್.ಎ. ಮಾಡಿ ಎಂದು ನಾವು ಹೇಳುತ್ತಿಲ್ಲ. ಅಮೆರಿಕದ ತಜ್ಞ ಸಮಿತಿ 2018ರಲ್ಲಿ ಎಪ್ಪತ್ತರ ಮೇಲಿನವರಿಗೆ ಅಂಥ ಸಾಮೂಹಿಕ ತಪಾಸಣೆ ಬೇಡವೆಂದಿತು. ಆದರೆ ನೋವೆಂದು ಬಾಗಿಲಿಗೆ ಬಂದವನನ್ನು ಮುಟ್ಟಿ ನೋಡಬೇಡಿ ಎಂದು ಯಾವ ಸಮಿತಿ ಹೇಳಿದೆ?

ಕೇಂದ್ರ ಸರ್ಕಾರ 2024ರಲ್ಲಿ ಎಪ್ಪತ್ತು ತುಂಬಿದವರಿಗೆಲ್ಲ ಆಯುಷ್ಮಾನ್ ಯೋಜನೆಯಲ್ಲಿ 5 ಲಕ್ಷ ರೂಪಾಯಿಯ ಚಿಕಿತ್ಸೆ ಎಂದು ಡಂಗುರ ಸಾರಿತು. ಆದರೆ ಅದು ಆಸ್ಪತ್ರೆಗೆ ದಾಖಲಾದವನಿಗೆ. ದಾಖಲಾಗುವ ಮುಂಚಿನ ಖರ್ಚೆಂದರೆ 3 ದಿನದ್ದು ಮಾತ್ರ. ರೋಗವೇನೆಂದು ಗೊತ್ತಿಲ್ಲದವನು ದಾಖಲಾಗುವುದು ಎಲ್ಲಿ? ಪರೀಕ್ಷೆಗೆಂದು ತಿಂಗಳುಗಟ್ಟಲೆ ಅಲೆಯುವ ಖರ್ಚು ಯಾರ ತಲೆಗೆ? ಬೀಗ ಬಂಗಾರದ್ದು, ಕೀಲಿಕೈ ಮಾತ್ರ ಇಲ್ಲ!

ನಮ್ಮ ಬೇಡಿಕೆ ದೊಡ್ಡದಲ್ಲ. ಲಕ್ಷಣವಿರುವ ಪ್ರತಿ ವೃದ್ಧನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಈ ರಕ್ತಪರೀಕ್ಷೆ ಉಚಿತವಾಗಲಿ. ಜಿಲ್ಲಾ ಆಸ್ಪತ್ರೆಗೆ ಮೂತ್ರರೋಗ ತಜ್ಞರು ಬರಲಿ. ನಿವೃತ್ತ ಕಾರ್ಮಿಕನಿಗೂ ಇ.ಎಸ್.ಐ. ಬಾಗಿಲು ತೆರೆದಿರಲಿ.

ಬಂಧುಗಳೇ, ನಾಚಿಕೆ ಬಿಡಿ. ಮೂತ್ರದಲ್ಲಿ ರಕ್ತ ಕಂಡರೆ, ಬಿಡದ ಬೆನ್ನುನೋವಿದ್ದರೆ ಹೇಳಿ. ಮುಟ್ಟಿ ನೋಡುವವರೆಗೆ ಆಸ್ಪತ್ರೆಯ ಬೆಂಚು ಬಿಟ್ಟು ಏಳಬೇಡಿ. ಕೂಲಿಗಾಗಿ ಗೇಟಿನ ಮುಂದೆ ಕೂರಲು ಕಲಿತವರಿಗೆ ಇದೇನು ಹೊಸ ಪಾಠವಲ್ಲ.