ವಾಹ್‌ವಾಹ್ ಸಾಕು, ಇಸ್ಲಾಹ್ ಬೇಕು

ಕತೆ ಬರೆಯುವವರಿಗೆ ಬಂಧುಬಳಗದಿಂದ ಒಂದು ಕಾಟ ಇದ್ದೇ ಇರುತ್ತದೆ. ಮನೆಯಲ್ಲಿ ಯಾರೇ ನಾಲ್ಕು ಸಾಲು ಗೀಚಿದರೂ ಅದು ನೇರವಾಗಿ ನಮ್ಮ ಮುಂದೆ ಬಂದು ಕೂರುತ್ತದೆ. ಮದುವೆಯ ಸೆಹರಾದಿಂದ ಹಿಡಿದು ನಿವೃತ್ತ ಮೇಷ್ಟರ ಬೀಳ್ಕೊಡುಗೆ ಭಾಷಣದವರೆಗೆ ನಾವು ತಿದ್ದದೆ ಬಿಟ್ಟದ್ದು ಕಡಿಮೆ. ಆದರೆ ಹೋದ ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಆಪಾನ ಮಗ ರಜೆಗೆ ಬಂದಾಗ ತೋರಿಸಿದ ಕತೆ ಕಾಗದದ ಮೇಲಿರಲಿಲ್ಲ. ಅದು ಒಂದು ಆಟದೊಳಗಿತ್ತು. "ಮಾಮೂ, ಇದಕ್ಕೆ ಎಲ್ಲರೂ ಐದು ಸ್ಟಾರ್ ಕೊಟ್ಟಿದ್ದಾರೆ, ನೀವೂ ನೋಡಿ" ಎಂದ. ನೋಡಿದೆವು. ಐದು ಸ್ಟಾರ್ ಕೊಟ್ಟವರ ಮೇಲೆ ನಮಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಲೇಖನ ಆ ಸಿಟ್ಟಿನದು.

ಆಟದ ಹೆಸರು 'ಸಿಟಿ ಆಫ್ ಹೀರೋಸ್'. 2004ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಪ್ಯಾರಗನ್ ಸಿಟಿ ಎಂಬ ಕಾಲ್ಪನಿಕ ನಗರದಲ್ಲಿ ಸಾವಿರಾರು ಮಂದಿ ಏಕಕಾಲಕ್ಕೆ ಅಂತರ್ಜಾಲದ ಮೂಲಕ ಸೇರಿ, ತಾವೇ ಉಡುಪು ತೊಡಿಸಿ ಹೆಸರಿಟ್ಟ ಮಹಾವೀರರಾಗಿ ಖಳರ ವಿರುದ್ಧ ಹೋರಾಡುವ ಆಟ. ಐದು ವರ್ಷ ಕಂಪನಿಯವರು ಬರೆದ ಕತೆಗಳನ್ನೇ ಆಟಗಾರರು ಆಡಿದರು. 2009ರ ಏಪ್ರಿಲ್‌ನಲ್ಲಿ ಕಂಪನಿ 'ಮಿಷನ್ ಆರ್ಕಿಟೆಕ್ಟ್' ಎಂಬ ಸಲಕರಣೆಯನ್ನು ಆಟಗಾರರ ಕೈಗೇ ಕೊಟ್ಟಿತು. ಇನ್ನು ನೀವೇ ಕತೆ ಕಟ್ಟಿ, ಉಳಿದವರು ಆಡಲಿ ಎಂದಿತು. ಒಂದು ಕತೆಗೆ ಹೆಚ್ಚೆಂದರೆ ಐದು ಮಿಷನ್, ಅಂದರೆ ಐದು ಅಧ್ಯಾಯ. ಖಳರನ್ನು ಆಟದಲ್ಲಿರುವ ಗುಂಪುಗಳಿಂದ ಆರಿಸಬಹುದು, ಇಲ್ಲವೇ ನೀವೇ ಸೃಷ್ಟಿಸಬಹುದು. ಕೆಲಸ ಒಪ್ಪಿಸುವ ಪಾತ್ರದ ಮಾತು, ದಾರಿಯಲ್ಲಿ ಸಿಗುವ ಸುಳಿವು, ಖಳನು ಸೋಲುವ ಮುನ್ನ ಕೂಗುವ ಮಾತು, ಅವನ ಪರಿಚಯದ ನಾಲ್ಕು ಸಾಲು, ಕೊನೆಗೆ ಆಟಗಾರನ ಬಳಿ ಉಳಿಯುವ ಒಂದು ನೆನಪಿನ ಕಾಣಿಕೆಯ ವಿವರಣೆ ಎಲ್ಲವೂ ನಿಮ್ಮದೇ ಬರವಣಿಗೆ.

ಇದನ್ನು ಕೇಳಿದಾಗ ನಮಗೆ ಮೊದಲು ನೆನಪಾದದ್ದು ದಾಸ್ತಾನ್‌ಗಳು. ಲಖನೌದ ನವಲ್ ಕಿಶೋರ್ ಮುದ್ರಣಾಲಯ 46 ಸಂಪುಟಗಳಲ್ಲಿ ಅಚ್ಚು ಹಾಕಿದ ದಾಸ್ತಾನ್-ಎ-ಅಮೀರ್ ಹಮ್ಜಾದಲ್ಲಿ ಇರುವುದೂ ಇದೇ. ಒಬ್ಬ ವೀರ, ಅವನ ಜೊತೆಗೊಬ್ಬ ಚಾಲಾಕಿ ಅಯ್ಯಾರ, ಮುಂದೆ ಒಂದು ತಿಲಿಸ್ಮ್. ತಿಲಿಸ್ಮನ್ನು ಒಡೆಯಬೇಕು, ಒಡೆದರೆ ಒಳಗೆ ಇನ್ನೊಂದು. ಹೇಳುವ ದಾಸ್ತಾನ್‌ಗೋ ಒಂದೇ ಕತೆಯನ್ನು ಒಂದೊಂದು ರಾತ್ರಿ ಒಂದೊಂದು ಬಗೆಯಲ್ಲಿ ಬೆಳೆಸುತ್ತಿದ್ದ. ಕೇಳುವವರು ಎದುರಿಗೇ ಕೂತಿರುತ್ತಿದ್ದರು. ಬೇಸರವಾದರೆ ಎದ್ದು ಹೋಗುತ್ತಿದ್ದರು. ಅದಕ್ಕಿಂತ ಕಠಿಣವಾದ ವಿಮರ್ಶೆ ಉಂಟೇ? ಹಾಗಾಗಿ ಮಹಾವೀರರ ಆಟದ ಕತೆ ಎಂದಾಕ್ಷಣ ಮೂಗು ಮುರಿಯುವ ಸಾಹಿತ್ಯದ ಮಂದಿಯ ಜೊತೆ ನಾವಿಲ್ಲ. ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವ ನಮ್ಮ ಗೆಳೆಯರೊಬ್ಬರು, "ಅಲ್ಲ ಸಾಹೇಬರೇ, ಮಕ್ಕಳಾಟಿಕೆಗೂ ವಿಮರ್ಶೆಯೇ?" ಎಂದು ನಕ್ಕರು. ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕತೆ ಹೇಳುವಲ್ಲೆಲ್ಲ ಅದು ಚೆನ್ನಾಗಿದೆಯೇ ಇಲ್ಲವೇ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಗೆಳೆಯರು ತಮ್ಮ ವಿದ್ಯಾರ್ಥಿಗಳ ಕವನ ಸಂಕಲನಗಳಿಗೆ ಬರೆಯುವ ಬೆನ್ನುಡಿಗಳನ್ನು ನೋಡಿದರೆ, ಆ ಪ್ರಶ್ನೆಯನ್ನು ಅವರು ಅಲ್ಲಿಯೂ ಕೇಳಿದಂತೆ ಕಾಣುವುದಿಲ್ಲ.

ಮಾತು ಸ್ಟಾರ್‌ಗಳದ್ದು. ಆಟ ಮುಗಿಸಿದವರು ಆ ಕತೆಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡಬಹುದು. ಸಾವಿರಾರು ಕತೆಗಳ ಪಟ್ಟಿಯಲ್ಲಿ ಹೆಚ್ಚು ನಕ್ಷತ್ರದವು ಮೇಲೆ, ಕಡಿಮೆಯವು ಕೆಳಗೆ. ಕೆಳಗಿನ ಪುಟಗಳವರೆಗೆ ಯಾರೂ ಇಳಿಯುವುದಿಲ್ಲ. ಈಗ ಲೆಕ್ಕ ನೋಡಿ. ಐದು ಜನ ಐದೈದು ಕೊಟ್ಟ ಕತೆಗೆ ಆರನೆಯವನೊಬ್ಬ ಒಂದು ಕೊಟ್ಟರೆ ಸರಾಸರಿ 4.33ಕ್ಕೆ ಕುಸಿಯುತ್ತದೆ. ಹೊಟ್ಟೆಕಿಚ್ಚಿನವನು ಒಂದೇ ಬೆರಳಿನಿಂದ ಒಬ್ಬನ ತಿಂಗಳ ದುಡಿಮೆಯನ್ನು ಮಣ್ಣುಪಾಲು ಮಾಡಬಹುದು. ಅದಕ್ಕೆ ಹೆದರಿ ಒಳ್ಳೆಯ ಮನಸ್ಸಿನವರೆಲ್ಲ ಕಣ್ಣು ಮುಚ್ಚಿ ಐದನ್ನೇ ಒತ್ತುತ್ತಾರೆ. ಮೂರು ಎಂದರೆ 'ಪರವಾಗಿಲ್ಲ, ಇನ್ನಷ್ಟು ತಿದ್ದು' ಎಂಬ ಪ್ರಾಮಾಣಿಕ ಮಾತು. ಆದರೆ ಆ ವ್ಯವಸ್ಥೆಯಲ್ಲಿ ಮೂರು ಕೊಡುವವನು ಶತ್ರು. ಹೀಗೆ ಐದಕ್ಕೂ ಅರ್ಥವಿಲ್ಲ, ಒಂದಕ್ಕೂ ಅರ್ಥವಿಲ್ಲ.

ಇನ್ನೊಂದು ರೋಗವೂ ಬಂತು. ಆಟದಲ್ಲಿ ಶತ್ರುಗಳನ್ನು ಸೋಲಿಸಿದಷ್ಟೂ ನಿಮ್ಮ ವೀರನ ಬಲ ಏರುತ್ತದೆ. ಕತೆ ಕಟ್ಟುವ ಸಲಕರಣೆ ಸಿಕ್ಕ ಕೂಡಲೇ ಜಾಣರು ಕತೆಯನ್ನು ಪಕ್ಕಕ್ಕಿಟ್ಟು, ಸುಲಭವಾಗಿ ಸಾಯುವ ಆದರೆ ಹೆಚ್ಚು ಲಾಭ ಕೊಡುವ ಶತ್ರುಗಳನ್ನು ಒಂದು ಜಾಗದಲ್ಲಿ ತುಂಬಿಟ್ಟರು. ಇದಕ್ಕೆ ಅವರು 'ಫಾರ್ಮಿಂಗ್' ಎನ್ನುತ್ತಾರೆ, ಬೇಸಾಯ! ಬಿತ್ತದೆ ಕೊಯ್ಯುವ ಬೇಸಾಯ. ತಿಂಗಳುಗಟ್ಟಲೆ ಆಡಿ ತಲುಪಬೇಕಾದ 50ನೇ ಹಂತಕ್ಕೆ ಜನ ಅವಸರವಸರದಲ್ಲಿ ತಲುಪಿಬಿಟ್ಟರು. ಕಂಪನಿ ಎಚ್ಚರಿಕೆ ಕೊಟ್ಟಿತು, ನಿಯಮ ಬಿಗಿಮಾಡಿತು. ಆದರೂ ಕತೆ ಬರೆದವರು ಈ ಕಳೆಯ ನಡುವೆ ತಮ್ಮ ಬೆಳೆ ಹುಡುಕಿಕೊಳ್ಳುವಂತಾಯಿತು.

ಇಂಥಲ್ಲಿ ಕೆಲವು ಆಟಗಾರರು ಒಂದು ಕೆಲಸ ಮಾಡುತ್ತ ಬಂದಿದ್ದಾರೆ. ಅಪರಿಚಿತರ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಆಡಿ, ಎಲ್ಲಿ ಚೆನ್ನ, ಎಲ್ಲಿ ಎಡವಿದೆ ಎಂದು ಬಿಡಿಸಿ ಬರೆಯುತ್ತಾರೆ. ಸಂಬಳವಿಲ್ಲ, ಸನ್ಮಾನವಿಲ್ಲ, ಬೈಗುಳ ಮಾತ್ರ ಖಚಿತ. "ಪುಕ್ಕಟೆ ಬರೆದವರನ್ನು ಟೀಕಿಸಬಾರದು" ಎನ್ನುವುದು ಅವರ ಮೇಲಿನ ಆರೋಪ. ನಾವು ಹೇಳುವುದು ಇದಕ್ಕೆ ತೀರ ವಿರುದ್ಧ. ಪುಕ್ಕಟೆ ಬರೆದವನಿಗೆ ದುಡ್ಡು ಸಿಗಲಿಲ್ಲ. ಓದುಗನ ಗಮನವನ್ನಾದರೂ ಪೂರ್ತಿ ಕೊಡಬೇಡವೇ?

ಅಳಿಯನ ಜೊತೆ ಕೂತು ಅಂಥ ಹತ್ತು ಹನ್ನೆರಡು ಕತೆಗಳನ್ನು ನಾವೂ ನೋಡಿದೆವು. ಆಡಿದವನು ಅವನು, ಓದಿದವರು ನಾವು. ದೋಷಗಳು ನಮಗೆ ಹಳೆಯ ಪರಿಚಯದವೇ, ವೇಷ ಮಾತ್ರ ಹೊಸದು. ಎಲ್ಲಕ್ಕಿಂತ ದೊಡ್ಡದು ಬರೆದವನು ತನ್ನ ಮುದ್ದಿನ ಪಾತ್ರವನ್ನೇ ನಾಯಕನಾಗಿಸಿ, ಆಡುವವನನ್ನು ಚಪ್ಪಾಳೆ ತಟ್ಟಲು ಕೂರಿಸುವುದು. ಕೊನೆಯ ಅಧ್ಯಾಯದಲ್ಲಿ ಆ ಮುದ್ದಿನ ಪಾತ್ರ ಸಹಾಯಕ್ಕೆಂದು ಬರುತ್ತದೆ, ಬಂದು ಖಳನನ್ನು ತಾನೇ ಹೊಡೆದು ಕೆಡವುತ್ತದೆ. ಆಡುವವನು ಐದು ಮಿಷನ್ ಓಡಿಬಂದದ್ದು ಇದನ್ನು ನೋಡುವುದಕ್ಕೇ? ನಮ್ಮ ಕಥಾಸ್ಪರ್ಧೆಗಳಿಗೆ ಬರುವ ಕತೆಗಳಲ್ಲೂ ಈ ಮಹಾಶಯನನ್ನು ನಾವು ಕಂಡಿದ್ದೇವೆ. ಅಲ್ಲಿ ಅವನು ಪ್ರಾಮಾಣಿಕ ಶಿಕ್ಷಕನಾಗಿಯೋ ಕ್ರಾಂತಿಕಾರಿ ಪತ್ರಕರ್ತನಾಗಿಯೋ ಬರುತ್ತಾನೆ, ಊರಿನ ಉಳಿದವರೆಲ್ಲ ಅವನ ಭಾಷಣ ಕೇಳಲಿಕ್ಕೆ ಹುಟ್ಟಿದವರು.

ಮತ್ತೊಂದು ದೋಷ ಆಡುವವನ ಮನಸ್ಸನ್ನು ಬರೆದವನೇ ಹೇಳಿಬಿಡುವುದು. "ನಿಮಗೆ ಕೋಪ ಉಕ್ಕಿತು" ಎಂದು ಪರದೆಯ ಮೇಲೆ ಬರುತ್ತದೆ. ನಮಗೆ ಉಕ್ಕಿರಲಿಲ್ಲ. ಉಕ್ಕುವಂತೆ ಬರೆದಿದ್ದರೆ ಆ ಸಾಲಿನ ಅಗತ್ಯವೇ ಇರುತ್ತಿರಲಿಲ್ಲ. ಮಾತಿನ ಅತಿಭಾರವಂತೂ ಹೇಳತೀರದು. ಗುಂಪಿನಲ್ಲಿ ಆಡುವವರು ಬಾಗಿಲ ಮುಂದೆ ಕಾದು ನಿಂತಿರುತ್ತಾರೆ, ಇಲ್ಲಿ ಕೆಲಸ ಒಪ್ಪಿಸುವವನು ತನ್ನ ಮುತ್ತಜ್ಜನ ಕಾಲದಿಂದ ಕತೆ ಆರಂಭಿಸಿರುತ್ತಾನೆ.

ಒಳ್ಳೆಯದೂ ಇತ್ತು. ಒಂದು ಕತೆಯಲ್ಲಿ ಪ್ರತಿ ಮಿಷನ್‌ನಲ್ಲೂ ಒಬ್ಬ ಸಾಮಾನ್ಯ ಕಾವಲುಗಾರನನ್ನು ಬಿಡಿಸಬೇಕಿತ್ತು. ಮೂರನೆಯ ಸಲ ಅವನು ಧನ್ಯವಾದ ಹೇಳುವುದಿಲ್ಲ, ಇಷ್ಟು ತಡವಾಗಿ ಯಾಕೆ ಬಂದಿರಿ ಎಂದು ಕೇಳುತ್ತಾನೆ. ಅಷ್ಟೇ. ಆ ಒಂದು ಸಾಲಿಗೆ ನಾವು ಕುರ್ಚಿಯಲ್ಲಿ ನೆಟ್ಟಗಾದೆವು. ಅದಕ್ಕೆ ಬಿದ್ದಿದ್ದ ನಕ್ಷತ್ರಗಳು ಕಡಿಮೆ. ಪಟ್ಟಿಯಲ್ಲಿ ಎಲ್ಲೋ ಆಳದಲ್ಲಿ ಕೂತಿತ್ತು.

ಈಗ ಅಳಿಯನ ಕತೆಗೆ ಬರುತ್ತೇವೆ. ಓಟ ಚುರುಕಾಗಿತ್ತು, ಎರಡನೆಯ ಮಿಷನ್‌ನ ತಿರುವು ನಿಜಕ್ಕೂ ಸೊಗಸು. ಆದರೆ ಅವನ ಖಳನಿಗೆ ಒಂದು ಅರಬ್ಬೀ ಹೆಸರು. ಪರಿಚಯದ ನಾಲ್ಕು ಸಾಲಿನಲ್ಲಿ ಮರುಭೂಮಿ, ಗುಹೆ, ಪ್ರತಿಜ್ಞೆ, ನಾಗರಿಕತೆಯ ಮೇಲೆ ದ್ವೇಷ. ಮತ್ತೇನೂ ಇಲ್ಲ. "ಯಾಕೋ ಬೇಟಾ ಈ ಹೆಸರು?" ಎಂದು ಕೇಳಿದೆವು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸುಮ್ಮನೆ ಮಾಮೂ, ವಿಲನ್‌ಗೆ ಹೊಂದುತ್ತೆ ಅಂತ" ಎಂದ. ಐದು ಹೊತ್ತಿನ ನಮಾಜು ತಪ್ಪಿಸದ ತಾಯಿಯ ಮಗ, ತನ್ನ ತಾತನ ಹೆಸರಿನಂಥದೇ ಹೆಸರು ಖಳನಿಗೆ 'ಹೊಂದುತ್ತೆ' ಎಂದು ಯೋಚನೆಯೇ ಇಲ್ಲದೆ ಇಟ್ಟಿದ್ದಾನೆ. ಅವನನ್ನು ಬೈದು ಏನು ಪ್ರಯೋಜನ? ಆ ಜೋಡಣೆ ಅವನ ಕೈಬೆರಳಿಗೆ ಸಿನಿಮಾದಿಂದ, ಟಿವಿಯಿಂದ, ಕಾಮಿಕ್ಸ್‌ನಿಂದ ತಾನಾಗಿ ಬಂದು ಕೂತಿದೆ. ಬರೆಯುವವನಿಗೆ ಕಾಣದ್ದನ್ನು ತೋರಿಸಲೆಂದೇ ಓದುವವನು ಇರಬೇಕಾದದ್ದು. ಅಷ್ಟು ಮಂದಿ ಆಡಿದರು, ಅಷ್ಟೂ ಮಂದಿ ಐದು ನಕ್ಷತ್ರ ಒತ್ತಿ ಮುಂದೆ ಹೋದರು. ಒಬ್ಬನಾದರೂ "ಈ ಮನುಷ್ಯ ಯಾರು? ಇವನಿಗೆ ಬೇಕಾದದ್ದೇನು?" ಎಂದು ಕೇಳಲಿಲ್ಲ.

ಖಳನಿಗೆ ಮುಸ್ಲಿಂ ಹೆಸರು ಇಡಲೇಬಾರದು ಎಂದು ನಾವು ಫರ್ಮಾನು ಹೊರಡಿಸುತ್ತಿಲ್ಲ. ನಮ್ಮ ಕತೆಗಳಲ್ಲೇ ಬೇಕಾದಷ್ಟು ಮುಸ್ಲಿಂ ಖಳರಿದ್ದಾರೆ, ಅದಕ್ಕಾಗಿ ನಮ್ಮವರಿಂದ ಬೈಸಿಕೊಂಡೂ ಇದ್ದೇವೆ. ಆದರೆ ಅವರಿಗೆ ತಾಯಿ ಇದ್ದಾಳೆ, ಸಾಲ ಇದೆ, ಹಲ್ಲುನೋವಿದೆ. ಹೆಸರೇ ಪಾತ್ರದ ಕೆಲಸ ಮಾಡಿಬಿಟ್ಟರೆ ಬರೆದವನು ಸೋಮಾರಿ ಎಂದೇ ಅರ್ಥ. ಆ ಸೋಮಾರಿತನದ ಬೆಲೆಯನ್ನು ತೆರುವವರು ಅದೇ ಹೆಸರು ಹೊತ್ತು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು.

ಈ ಹೊಗಳಿಕೆಯ ರುಚಿ ನಮಗೂ ಗೊತ್ತು. ನಮ್ಮ ಮೊದಲ ಕಥಾಸಂಕಲನಕ್ಕೆ ಬಂದ ವಿಮರ್ಶೆಯೊಂದರಲ್ಲಿ ಉರ್ದು ಮನೆಮಾತಿನವರು ಇಷ್ಟು ಶುದ್ಧ ಕನ್ನಡ ಬರೆಯುವುದು ಎಷ್ಟು ಹೆಮ್ಮೆಯ ಸಂಗತಿ ಎಂದು ಅರ್ಧ ಪುಟ ಇತ್ತು. ಕತೆಗಳ ಬಗ್ಗೆ ಒಂದು ವಾಕ್ಯ. ಆ ಸಂಕಲನದ ಮೂರು ಕತೆಗಳ ಅಂತ್ಯ ಕೆಟ್ಟಿತ್ತು. ಅದನ್ನು ನಾವೇ ಕಂಡುಕೊಳ್ಳಲು ಎಂಟು ವರ್ಷ ಬೇಕಾಯಿತು. ಅಂದು ಯಾರಾದರೂ ಹೇಳಿದ್ದರೆ ಎಂಟು ವರ್ಷ ಉಳಿಯುತ್ತಿತ್ತು.

ಉರ್ದು ಮದರಸಾದಲ್ಲಿ ನಮಗೆ ಪಾಠ ಹೇಳಿದ ಉಸ್ತಾದರಿಗೆ ಮುಶಾಯಿರಾದ ಹುಚ್ಚು. ಅವರು ಒಂದು ಮಿಸ್ರಾ ಕೊಟ್ಟು, ಅದೇ ಛಂದಸ್ಸು ಅದೇ ಪ್ರಾಸದಲ್ಲಿ ಗಜಲು ಕಟ್ಟಿ ಎನ್ನುತ್ತಿದ್ದರು. ತರ್ಹಿ ಮುಶಾಯಿರಾ ಎಂದರೆ ಇದೇ. ಎಲ್ಲರಿಗೂ ಒಂದೇ ಸಾಮಗ್ರಿ, ಕೈಚಳಕ ಅವರವರದು. ಐದು ಮಿಷನ್, ಸಿದ್ಧ ನಕಾಶೆ, ಸಿದ್ಧ ಖಳರು ಕೊಟ್ಟು ಕತೆ ಕಟ್ಟಿ ಎನ್ನುವ ಈ ಆಟವೂ ಒಂದು ಬಗೆಯ ತರ್ಹಿ. ಮುಶಾಯಿರಾದ ರಾತ್ರಿ ವಾಹ್‌ವಾಹ್ ಇತ್ತು, ಇರಲೇಬೇಕು, ಅದಿಲ್ಲದೆ ಕವಿಗೆ ಉಸಿರಿಲ್ಲ. ಆದರೆ ಅದಕ್ಕೂ ಮೊದಲು ಮಧ್ಯಾಹ್ನ ಉಸ್ತಾದರ ಮುಂದೆ ಕೂತು ಇಸ್ಲಾಹ್ ಪಡೆಯಬೇಕಿತ್ತು. ಅವರು ಒಂದು ಪದ ಹೊಡೆದು ಇನ್ನೊಂದು ಬರೆಯುತ್ತಿದ್ದರು, ಕೆಲವೊಮ್ಮೆ ಇಡೀ ಶೇರ್‌ಗೆ ಅಡ್ಡಗೀಟು. ಇಕ್ಬಾಲರಂಥ ಇಕ್ಬಾಲರು ಯೌವನದಲ್ಲಿ ತಮ್ಮ ಗಜಲುಗಳನ್ನು ದಾಗ್ ದೆಹಲ್ವಿಯವರಿಗೆ ಅಂಚೆಯಲ್ಲಿ ಕಳಿಸಿ ತಿದ್ದಿಸಿಕೊಂಡರು. ದಾಗ್ ಅವರ ಕಾಗದದಲ್ಲಿ ನಕ್ಷತ್ರ ಹಾಕಿ ಕಳಿಸಿದ್ದರೆ?

ಕಂಪನಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆಟಗಾರರ ಕಲ್ಪನೆ ಯಾರ ಸ್ವತ್ತು ಎಂಬ ಜಗಳ ಈ ಆಟದ ಹುಟ್ಟಿನ ಜೊತೆಗೇ ಬಂತು. ಆಟಗಾರರು ನಮ್ಮ ವುಲ್ವರಿನ್, ಹಲ್ಕ್ ಪಾತ್ರಗಳ ನಕಲು ಮಾಡಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ ಎಂದು ಮಾರ್ವೆಲ್ ಕಂಪನಿ 2004ರ ನವೆಂಬರ್‌ನಲ್ಲಿ ಮೊಕದ್ದಮೆ ಹೂಡಿತು. ಪುರಾವೆಯೆಂದು ತೋರಿಸಿದ ನಕಲುಗಳಲ್ಲಿ ಕೆಲವನ್ನು ಮಾರ್ವೆಲ್ ಕಡೆಯವರೇ ಆಟಕ್ಕಿಳಿದು ಸೃಷ್ಟಿಸಿದ್ದರು ಎಂಬುದು ನ್ಯಾಯಾಲಯದಲ್ಲಿ ಬಯಲಾಯಿತು. 2005ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. ದೊಡ್ಡವರು ಕೈ ಕುಲುಕಿದರು. ಆಟಗಾರರನ್ನು ಯಾರೂ ಕೇಳಲಿಲ್ಲ. ಅವರನ್ನು 2012ರಲ್ಲೂ ಕೇಳಲಿಲ್ಲ. ಆ ವರ್ಷ ಆಗಸ್ಟ್ 31ರಂದು ಆಟ ನಿಲ್ಲಿಸುವುದಾಗಿ ಎನ್‌ಸಿಸಾಫ್ಟ್ ಘೋಷಿಸಿತು, ನವೆಂಬರ್ 30ರಂದು ಬೀಗ ಹಾಕಿತು. ಅದರೊಡನೆ ಜನ ಬರೆದ ಕತೆಗಳೂ ಹೋದವು. ತಮ್ಮ ಕಂಪ್ಯೂಟರಿನಲ್ಲಿ ಪ್ರತಿ ಇಟ್ಟುಕೊಂಡಿದ್ದವರದು ಮಾತ್ರ ಉಳಿಯಿತು. ಆಟದ ಅಭಿಮಾನಿಗಳು ಗುಟ್ಟಾಗಿ ಅದನ್ನು ಜೀವಂತ ಇಟ್ಟಿದ್ದ ಸಂಗತಿ 2019ರಲ್ಲಿ ಹೊರಬಿತ್ತು. 'ಹೋಮ್‌ಕಮಿಂಗ್' ಎಂಬ ಅಭಿಮಾನಿಗಳ ಸರ್ವರ್‌ಗೆ 2024ರ ಜನವರಿಯಲ್ಲಿ ಕಂಪನಿ ಅಧಿಕೃತ ಪರವಾನಗಿಯನ್ನೂ ಕೊಟ್ಟಿತು. ನಮ್ಮ ಹುಡುಗ ಬರೆಯುತ್ತಿರುವುದು ಅಲ್ಲೇ.

ಬೀಗ ಬಿದ್ದ ದಿನ ಆ ನಕ್ಷತ್ರಗಳೆಲ್ಲ ಅಳಿದುಹೋದವು. ಆದರೆ ಯಾರೋ ಒಬ್ಬ ಅಪರಿಚಿತ ಕೂತು, "ನಿಮ್ಮ ನಾಲ್ಕನೆಯ ಅಧ್ಯಾಯದಲ್ಲಿ ಸುಳಿವು ಬೇಗ ಸಿಕ್ಕಿಬಿಡುತ್ತದೆ" ಎಂದು ಬರೆದು ತಿಳಿಸಿದ್ದರೆ ಆ ಮಾತು ಬರೆದವನ ತಲೆಯಲ್ಲಿ ಉಳಿದಿರುತ್ತದೆ, ಮುಂದಿನ ಕತೆಗೆ ಬಂದಿರುತ್ತದೆ.

ಅಳಿಯ ನಮ್ಮ ಮಾತಿಗೆ ಮುನಿಸಿಕೊಂಡು ಎರಡು ವಾರ ಫೋನ್ ಮಾಡಲಿಲ್ಲ. ಆಪಾ ಮಾತ್ರ ಮಾಡಿದರು. "ಏನ್ ಹೇಳ್ದೆ ನನ್ ಮಗನಿಗೆ? ಊಟ ಸರಿಯಾಗಿ ಮಾಡ್ತಿಲ್ವಂತೆ" ಎಂದು ಗದರಿದರು. ಮೊನ್ನೆ ಅವನೇ ಮಾಡಿದ. ಖಳನ ಹೆಸರು ತೆಗೆದಿದ್ದಾನಂತೆ, ಹೊಸದು ಇನ್ನೂ ಹೊಳೆದಿಲ್ಲವಂತೆ. ಗುಹೆಯನ್ನೂ ತೆಗೆದಿದ್ದಾನೆ. ಈಗ ನಾಲ್ಕನೆಯ ಮಿಷನ್‌ನಲ್ಲಿ ಆಟಗಾರ ಒಂದು ಮನೆಯೊಳಗೆ ಹೋಗುತ್ತಾನೆ, ಖಳನ ಮನೆ. "ಒಳಗೆ ಯಾರಿರಬೇಕು ಮಾಮೂ?" ಎಂದು ಕೇಳಿದ. ನಮಗೂ ಕೂಡಲೇ ಹೊಳೆಯಲಿಲ್ಲ. ನಾಳೆ ಇಶಾ ಆದ ಮೇಲೆ ಮಾತಾಡೋಣ ಎಂದಿದ್ದೇವೆ.