ಯಜಮಾನರನ್ನು ಕಳಿಸಿ

"ಅಕ್ಕಾ, ಇದೆಲ್ಲ ನಿಮ್ಗೆ ಗೊತ್ತಾಗಲ್ಲ, ಯಜಮಾನ್ರನ್ನ ಕಳ್ಸಿ."

ಗ್ಯಾರೇಜಿನಲ್ಲಿ ಈ ಮಾತು ಕೇಳದ ಹೆಂಗಸು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಇದ್ದರೆ ಅವಳು ಪುಣ್ಯವಂತೆ. ನಾನು ಕೇಳಿದ್ದು ನಮ್ಮ ಹಳೆಯ ಜಿಪ್ಸಿಯಿಂದಾಗಿ.

ಮಾರುತಿಯವರು 1985ರಲ್ಲಿ ತಂದ ಗಾಡಿಯಿದು. ಬೇಕೆಂದಾಗ ನಾಲ್ಕೂ ಚಕ್ರ ಎಳೆಯುತ್ತವೆ. ಮಳೆಗಾಲದಲ್ಲಿ ನಾಲೆಯ ಏರಿ ಹಿಡಿದು ತೋಟಕ್ಕೆ ಹೋಗಲು ನಮಗೆ ಅದೇ ಗತಿ. ಆದರೆ ಅದಕ್ಕೆ ಎಂಜಿನ್ ಆಯಿಲ್ ಒಂದೇ ಸಾಲದು. ಗೇರ್ ಬಾಕ್ಸು, ಎಳೆತವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸು, ಮುಂದೊಂದು ಹಿಂದೊಂದು ಡಿಫರೆನ್ಷಿಯಲ್: ಹೀಗೆ ನಾಲ್ಕು ಕಡೆ ಎಣ್ಣೆ ಬದಲಿಸಬೇಕು. ಚೀಟಿಯಲ್ಲಿ ನಾಲ್ಕೂ ಬರೆದು ದುಡ್ಡು ತೆಗೆದುಕೊಂಡಿದ್ದರು. ಎರಡೇ ತಿಂಗಳಿಗೆ ಹಿಂದಿನಿಂದ ಗೊಂಯ್ ಎಂಬ ಸದ್ದು. ಕೇಳಲು ಹೋದಾಗ ಸಿಕ್ಕಿದ ಉತ್ತರ ಮೇಲಿನದು.

ಯಜಮಾನರನ್ನು ಕಳಿಸಲಿಲ್ಲ. ಕೈಪಿಡಿ ಓದಿದೆ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು ಕೆಳಗೆ ತೂರಿದೆ. ಎತ್ತರದ ಗಾಡಿ, ಜಾಕ್ ಬೇಕಾಗಲಿಲ್ಲ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಮೊದಲು ಬಿಚ್ಚಬೇಕಾದ್ದು ಎಣ್ಣೆ ತುಂಬುವ ಮೇಲಿನ ಬಿರಡೆ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದಿದ್ದರೆ, ತುಂಬುವುದೆಲ್ಲಿಂದ?

ಹಿಂದಿನ ಡಿಫರೆನ್ಷಿಯಲ್ಲಿನ ಬಿರಡೆಗಳ ಮೇಲೆ ಮಣ್ಣು ಕಲ್ಲಿನಂತೆ ಕೂತಿತ್ತು. ಅವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಇಳಿದ ಎಣ್ಣೆಗೆ ಹಾಲು ಹಾಕಿದ ಕಾಫಿಯ ಬಣ್ಣ, ನೀರು ಸೇರಿತ್ತು. ತಳದಲ್ಲಿ ಕಬ್ಬಿಣದ ಪುಡಿ.

ಹೊಸ ಎಣ್ಣೆಯನ್ನು ಕೈಪಂಪಿನಿಂದ ತುಂಬಿದೆ, ಮೇಲಿನ ತೂತಿನಿಂದ ಹೊರಗೆ ಇಳಿಯುವ ತನಕ. ಅದೇ ಅಳತೆ. ಡಬ್ಬಿಯ ಮೇಲೆ ಜಿ.ಎಲ್. 4, ಜಿ.ಎಲ್. 5 ಎಂದಿರುತ್ತದೆ. ಡಿಫರೆನ್ಷಿಯಲ್ಲಿಗೆ ಐದು. ಗೇರ್ ಬಾಕ್ಸಿಗೆ ಕೈಪಿಡಿ ಹೇಳಿದ್ದು ಮಾತ್ರ, ಕೆಲವು ಜಿ.ಎಲ್. 5 ಎಣ್ಣೆಗಳು ಒಳಗಿನ ಹಿತ್ತಾಳೆಯ ಬಳೆಗಳನ್ನು ತಿನ್ನುತ್ತವೆ. ಸಾರಿನ ಪುಡಿ ಬೇರೆ, ಹುಳಿಪುಡಿ ಬೇರೆ ಎಂದು ತಿಳಿದವರಿಗೆ ಇದು ತಿಳಿಯುವುದಿಲ್ಲವೇ?

ಹಳೆಯ ಎಣ್ಣೆಯನ್ನು ಡಬ್ಬಿಗೆ ತುಂಬಿಟ್ಟೆ. ಎಲ್ಲ ಗೊತ್ತಿರುವ ಗಂಡಸರೇ ಅದನ್ನು ಮೋರಿಗೆ, ನಾಲೆಗೆ ಸುರಿಯುವುದನ್ನು ಕಂಡಿದ್ದೇನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಭತ್ತವನ್ನೇ ಅಲ್ಲವೇ ನಾವು ಉಣ್ಣುವುದು?

ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಸವೆದ ಹಲ್ಲು ಎಣ್ಣೆ ಹಾಕಿದರೆ ಬೆಳೆಯುವುದಿಲ್ಲ. ಚೀಟಿ ನೋಡಿ ಸುಮ್ಮನೆ ದುಡ್ಡು ಕೊಟ್ಟು ಬಂದದ್ದಕ್ಕೆ ನಾನು ತೆತ್ತ ದಂಡ ಅದು.

ಹಾಗಾದರೆ ನಾವೆಲ್ಲ ಗಾಡಿಯ ಕೆಳಗೆ ತೂರಬೇಕೇ ಎನ್ನುತ್ತೀರಿ. ಬೇಡ. ಚಿನ್ನ ಕರಗಿಸಲು ಬಾರದಿದ್ದರೂ ಅಕ್ಕಸಾಲಿಯ ಮುಂದೆ ಕೂತು ತೂಕ ನೋಡುವುದಿಲ್ಲವೇ? ಗ್ಯಾರೇಜಿನಲ್ಲೂ ಹಾಗೆಯೇ ನಿಲ್ಲಿ. "ಇಳಿಸಿದ ಎಣ್ಣೆ ತೋರಿಸಪ್ಪ" ಎಂದು ಕೇಳಿ. ಯಜಮಾನರನ್ನು ಕಳಿಸಿ ಎಂದರೆ, ದುಡ್ಡು ಕೊಡುವವಳು ನಾನೇ ಎನ್ನಿ.