‘ಹುಷಾರು’ ಎನ್ನುವವರ ಬಾಯಿ

ನಾಲಿಗೆ ಬಿಗಿ ಹಿಡಿಯಬೇಕು ಎಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವವರು ಸಿಡುಕರು, ಬಾಯಿಬಡುಕರು. ಕಾಳಜಿಯಿಂದ ಎಚ್ಚರಿಸುವವರು ಈ ಸಾಲಿಗೆ ಸೇರುವುದೇ ಇಲ್ಲ. ಸೇರಬೇಕು ಎನ್ನುವುದಕ್ಕೆ ಬೆಂಗಳೂರಿನ ನಮ್ಮ ಬಾಣಸವಾಡಿ ಕಡೆಯವರಿಗೆ 2012ರ ನೆನಪೇ ಸಾಕು.

ಆ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತ ಗಲಭೆಯಾಯಿತು. ಆಗಸ್ಟ್ ಹೊತ್ತಿಗೆ ಬೆಂಗಳೂರಿನಲ್ಲಿ ಗಾಳಿಸುದ್ದಿ: ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ದಾಳಿ ನಡೆಯುತ್ತದಂತೆ. ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಬಾಡಿಗೆ ರೂಮುಗಳಲ್ಲಿ ಆ ಕಡೆಯ ಹುಡುಗ ಹುಡುಗಿಯರು ಆಗಲೇ ಬಹಳ ಮಂದಿ ಇದ್ದರು. ಬ್ಯೂಟಿ ಪಾರ್ಲರು, ಹೋಟೆಲು, ಸೆಕ್ಯೂರಿಟಿ ಕೆಲಸ, ಕಾಲೇಜು. ಆಗಸ್ಟ್ 15ರ ಒಂದೇ ದಿನ 6,000ಕ್ಕೂ ಹೆಚ್ಚು ಜನ ಗುವಾಹಟಿ ರೈಲು ಹತ್ತಿದರು. ಗೃಹ ಸಚಿವರಾಗಿದ್ದ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ‘ಹೆದರಬೇಡಿ’ ಎಂದರು. ರೈಲ್ವೆಯವರು ವಿಶೇಷ ರೈಲು ಬಿಟ್ಟರು. ಒಬ್ಬರು ಇರಿ ಅನ್ನುತ್ತಾರೆ, ಇನ್ನೊಬ್ಬರು ಗಾಡಿ ಹೊರಡಿಸುತ್ತಾರೆ. ಹೆದರಿದವನು ಗಾಡಿಯನ್ನೇ ನಂಬುತ್ತಾನೆ. ಕೊನೆಗೆ ಕೇಂದ್ರ ಸರ್ಕಾರ ಒಟ್ಟಿಗೆ 5ಕ್ಕಿಂತ ಹೆಚ್ಚು ಜನಕ್ಕೆ ಎಸ್ಎಂಎಸ್ ಕಳಿಸುವಂತಿಲ್ಲ ಎಂದು 15 ದಿನ ತಡೆ ಹಾಕಿತು.

ಸುದ್ದಿ ಹುಟ್ಟಿಸಿದವನು ಕಿಡಿಗೇಡಿಯೇ ಇರಬಹುದು. ಹೊತ್ತು ತಿರುಗಿದವರು? ಊರಲ್ಲಿ ಟೀವಿ ಮುಂದೆ ಕೂತು ‘ಹೊರಟು ಬಾ’ ಎಂದು ಅತ್ತ ತಾಯಿ, ‘ನಾಲ್ಕು ದಿನ ಊರಿಗೆ ಹೋಗಿ ಬನ್ರಪ್ಪ’ ಎಂದ ಮನೆ ಓನರು, ಗೆಳತಿಯ ಚಿಂತೆಗೆ ಮೆಸೇಜು ಒತ್ತಿದ ಗೆಳತಿ. ಯಾರ ಮನಸ್ಸಿನಲ್ಲೂ ವಿಷವಿರಲಿಲ್ಲ. ಹಾಗಾಗಿಯೇ ಯಾರೂ ತಡೆದು ಕೇಳಲಿಲ್ಲ.

2020ರ ಆಗಸ್ಟ್ 11ರ ರಾತ್ರಿ ಪಕ್ಕದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಹೊತ್ತಿ ಉರಿದದ್ದು ಒಂದು ಫೇಸ್‌ಬುಕ್ ಪೋಸ್ಟ್‌ನಿಂದ; ಪೊಲೀಸರ ಗುಂಡಿಗೆ ಮೂವರು ಸತ್ತರು. ಅದು ಕೆಣಕುವ ಮಾತು, ಕೆಟ್ಟದ್ದೆಂದು ಗುರುತಿಸುವುದು ಸುಲಭ. 2018ರ ಮೇನಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರಲ್ಲ, ಅದರ ಹಿಂದೆ ಇದ್ದದ್ದು ‘ನಿಮ್ಮ ಮಕ್ಕಳು ಜೋಪಾನ’ ಎಂಬಂಥ ವಾಟ್ಸ್ಆ್ಯಪ್ ಸಂದೇಶಗಳು. ಇದನ್ನು ಗುರುತಿಸುವುದು ಹೇಗೆ?

ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಇತ್ತೀಚೆಗೆ ಅಂಥದೊಂದು ಧ್ವನಿ ಸಂದೇಶ ಬಂತು. ಏರಿಯಾದಲ್ಲಿ ಮಕ್ಕಳ ಕಳ್ಳರ ತಂಡ ಇಳಿದಿದೆಯಂತೆ, ಎಲ್ಲ ಗ್ರೂಪಿಗೂ ಕಳಿಸಬೇಕಂತೆ. ಹಿರಿಯರೊಬ್ಬರು ಕೇಳಿದರು: ‘ಯಾವ ರಸ್ತೆ? ಯಾವತ್ತು? ಸ್ಟೇಷನ್ನಿಗೆ ಹೇಳಿದ್ರಾ?’ ಪ್ರಶ್ನೆ ಎಷ್ಟು ಸರಳ ನೋಡಿ. ಕಳಿಸಿದವರಿಗೆ ಬೇಸರವಾಯಿತು. ‘ಕೇಳಿದ್ದು ಹೇಳ್ದೆ ಸಾರ್, ಹುಷಾರಾಗಿದ್ರೆ ನಮಗೇನು ನಷ್ಟ?’ 112ಕ್ಕೆ ಒಂದು ಫೋನ್ ಮಾಡಲು ಸಂಕೋಚ ಪಡುವ ಬೆರಳು, ಗ್ರೂಪಿಗೆ ಒತ್ತಲು ಸಂಕೋಚ ಪಡುವುದಿಲ್ಲ.

ನಮಗೆ ನಷ್ಟವಿಲ್ಲ, ನಿಜ. ಆ ಸಂಜೆ ಗೇಟಿನ ಹತ್ತಿರ ಬೆಡ್‌ಶೀಟಿನ ಗಂಟು ಹೊತ್ತು ಬಂದ ಹೊರರಾಜ್ಯದ ಹುಡುಗನನ್ನು ಸೆಕ್ಯೂರಿಟಿಯವನು ಆಧಾರ್ ತೋರಿಸೆಂದು ಅರ್ಧ ಗಂಟೆ ನಿಲ್ಲಿಸಿಕೊಂಡ. ಸುತ್ತ ಏಳೆಂಟು ಜನ ಸೇರಿದ್ದರು, ಒಬ್ಬರು ಆಗಲೇ ವೀಡಿಯೊ ಮಾಡುತ್ತಿದ್ದರು.